ಬಾವಿಯ ಜ್ಞಾನತಾಯಿ

ಬಾವಿ ಸತ್ತಿರಲಿಲ್ಲ. ಸಾಂತಾ ರುಫೀನಾ ಕೇರಿಯಲ್ಲಿ ಇದು ಎಲ್ಲರಿಗೂ ತಿಳಿದಿತ್ತು. ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು ತೋಮಾಸಾ ತಾಯ್ಪೆ. ಏಕೆಂದರೆ ಭೂಕಂಪವಾದ ಮೇಲೆ ಅದರೊಳಗೆ ಇಳಿದವಳು ಅವಳೊಬ್ಬಳೇ.

ಭೂಕಂಪದ ಆ ಸಂಜೆ ನೆಲವು ನೆಲವಾಗಿ ಉಳಿಯಲಿಲ್ಲ. ಬೆಟ್ಟದಿಂದ ನದಿ ಹೊತ್ತು ತಂದು ಹಾಸಿದ ಮೆಕ್ಕಲು ಮಣ್ಣು ಅದು. ನಡೆಯುವ ಕಾಲಿಗೆ ಗಟ್ಟಿ, ಕುಲುಕಿದರೆ ಗಂಜಿ. ಅಂಗಳಗಳು ಬಿರಿದವು. ಬಿರುಕಿನಿಂದ ಬೂದು ಮರಳು ನೀರಿನೊಡನೆ ಉಕ್ಕಿ ಹರಿಯಿತು. ಹಸಿ ಇಟ್ಟಿಗೆಯ ಮನೆಗಳು ಕುಸಿದು ಕುಳಿತವು. ಕೇರಿಗೆ ಇದ್ದದ್ದು ಒಂದೇ ಬಾವಿ. ಅದರ ಸಿಮೆಂಟು ರಿಂಗುಗಳಲ್ಲಿ ನಡುವಿನದೊಂದು ಪಕ್ಕಕ್ಕೆ ಜರುಗಿ ನಿಂತಿತು. ಅದರ ಕೆಳಗೆ ಬಾವಿಯೆಲ್ಲ ಮರಳು.

ಜರುಗಿದ ರಿಂಗಿನ ಸಂದಿನಲ್ಲಿ ಗಂಡಸರ ಹೆಗಲು ತೂರಲಿಲ್ಲ. ತೋಮಾಸಾ ಗಂಡನನ್ನು ಕಳೆದುಕೊಂಡ ಹೆಂಗಸು, ಸಣಕಲು ಮೈ. ಸೊಂಟಕ್ಕೆ ಹಗ್ಗ ಬಿಗಿದು ಅವಳನ್ನು ಇಳಿಬಿಟ್ಟರು. ಒಳಗೆ ಮೊಣಕಾಲೂರಿ ಕುಳಿತು, ತಗಡಿನ ಡಬ್ಬಿಯಿಂದ ಮರಳು ಗೋರಿ ಬಕೆಟ್ಟಿಗೆ ತುಂಬಿದಳು. ಮೇಲಿನವರು ಎಳೆದರು. ನೆಲ ಆಗಾಗ ಇನ್ನೂ ನಡುಗುತ್ತಿತ್ತು. ನಡುಗಿದಾಗಲೆಲ್ಲ ತಲೆಯ ಮೇಲಿನ ರಿಂಗು ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು.

ಪಕ್ಕದ ಮನೆಯ ಕ್ರಿಸಾಂತಾ ಮೇಲಿನಿಂದ ಕೂಗುತ್ತಿದ್ದಳು: "ತೋಮಾಸಾ, ಬದುಕಿದ್ದೀಯೇನೇ?"

"ಮೊದ್ಲು ಬಕೆಟ್ ಎಳಿ. ಬಾಯಿ ಆಮೇಲೆ."

ಉಗುರಿನ ಸಂದಿಗೆ ಮರಳು ಹೊಕ್ಕು ಬೆರಳುಗಳು ಕೀವು ಕಟ್ಟಿದವು. ಅವಳು ನಿಲ್ಲಿಸಲಿಲ್ಲ. ಕೊನೆಗೊಂದು ಮಧ್ಯಾಹ್ನ ಅಂಗೈ ಕೆಳಗೆ ತಣ್ಣಗಾಯಿತು. ನೀರು.

ಅಂದಿನಿಂದ ಬಕೆಟ್ಟು ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ಆ ಸೊಟ್ಟ ರಿಂಗಿಗೆ ಕೆರೆಯುತ್ತಿತ್ತು. ನೀರನ್ನು ಮಡಕೆಯಲ್ಲಿ ತಿಳಿಯಾಗಲು ಬಿಟ್ಟು ಕುಡಿಯಬೇಕಿತ್ತು. ಆದರೂ ನೀರು ನೀರೇ. ತೆಗೆದ ಮರಳು ಬಾವಿಯ ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿತ್ತು. ಅದರ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತು. ಕೇರಿಯವರು ಬಾವಿಗೆ ಹಲಗೆಯ ಮುಚ್ಚಳ ಮಾಡಿಸಿ, ಬೀಗ ಹಾಕಿ, ಬೀಗದ ಕೈಯನ್ನು ದಾರದಲ್ಲಿ ಪೋಣಿಸಿ ತೋಮಾಸಾಳ ಕೊರಳಿಗೆ ಹಾಕಿದರು. ಬೆಟ್ಟದಿಂದ ಕರಾವಳಿಗೆ ಬಂದ ಮೇಲೆ ಅವಳಿಗೆ ಯಾರಾದರೂ ಗೌರವದಿಂದ ಕೊಟ್ಟ ವಸ್ತು ಅದೊಂದೇ.

ಕೇರಿಯ ಆಚೆಗೆ ದ್ರಾಕ್ಷಿ ತೋಟ. ಕಣ್ಣು ಹಾಯುವಷ್ಟು ದೂರ ಬಲೆ ಹೊದಿಸಿದ ಹಸಿರು, ಸುತ್ತ ತಂತಿ, ಗೇಟಿನಲ್ಲಿ ಕೋವಿ. ಹಣ್ಣು ಹಡಗು ಹತ್ತಿ ಹೋಗುತ್ತಿತ್ತು. ಕೇರಿಯ ಹೆಂಗಸರು ಗೊಂಚಲು ಕತ್ತರಿಸುವ ಕೂಲಿಗೆ ಅಲ್ಲಿಗೇ ಹೋಗಬೇಕು. ಒಂದು ಹಣ್ಣು ಬಾಯಿಗೆ ಹಾಕಿಕೊಂಡರೆ ಆ ದಿನದ ಕೂಲಿ ಇಲ್ಲ. ಮೇಸ್ತ್ರಿಗಳು ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಬೆಟ್ಟದವಳೇ" ಎನ್ನುತ್ತಿದ್ದರು. ವಾಂಕಾವೆಲಿಕಾದ ಬೆಟ್ಟದಿಂದ ಇಳಿದು ಬಂದಾಗ ತೋಮಾಸಾ ಅಗಲ ನೆರಿಗೆಯ ಉಣ್ಣೆಯ ಲಂಗ ತೊಟ್ಟಿದ್ದಳು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡದ್ದನ್ನು ಕಂಡಳು. ಲಂಗವನ್ನು ಮಡಿಚಿ ಪೆಟ್ಟಿಗೆಗೆ ಹಾಕಿದಳು. ಮತ್ತೆ ತೊಡಲಿಲ್ಲ. ಅದು ಅಲ್ಲಿಯೇ ನುಸಿ ಹಿಡಿದು ಹೋಯಿತು.

ತೋಟಕ್ಕೆ ನೀರು ಸಾಲದಾಗಿತ್ತು. ಆದರೆ ಕೇರಿಯೂ ತೋಟವೂ ಇದ್ದ ಈಕಾ ಕಣಿವೆಯಲ್ಲಿ ಹೊಸ ಕೊಳವೆಬಾವಿ ಕೊರೆಯುವಂತಿರಲಿಲ್ಲ. ಕಾನೂನಿನಲ್ಲಿ ಒಂದು ಕಿಂಡಿ ಮಾತ್ರ ತೆರೆದಿತ್ತು: ಇದ್ದ ಬಾವಿ ಭೂಕಂಪದಲ್ಲಿ ಸತ್ತಿದ್ದರೆ, ಅದರ ಬದಲಿಗೆ, ಅದರ ಹತ್ತಿರವೇ, ಅದರ ಹೆಸರಿನಲ್ಲೇ ಇನ್ನೊಂದನ್ನು ಕೊರೆಯಬಹುದು.

ತೋಟಕ್ಕೆ ಒಂದು ಸತ್ತ ಬಾವಿ ಬೇಕಾಗಿತ್ತು.

ತೋಟದ ಇಂಜಿನಿಯರ್ ಲೆಸ್ಕಾನೊ ವರಾಂಗೊ ಮರದ ಕೆಳಗೆ ಕೇರಿಯನ್ನು ಸೇರಿಸಿದ. ಕೂರಲು ಯಾರೋ ಪೆಟ್ಟಿಗೆ ತಂದಿಟ್ಟರು. ಅವನು ಅದರ ಮೇಲೆ ಕರವಸ್ತ್ರ ಹಾಸಿ ಕುಳಿತ.

"ನಿಮ್ಮ ಬಾವಿ ಸತ್ತಿದೆ ಅಂತ ಹೇಳಿ, ಸಾಕು. ಕೊರೆಯೋ ಖರ್ಚು ನಮ್ದು. ಬೀದಿಬೀದಿಗೆ ನಲ್ಲಿ ಹಾಕಿಸ್ತೀವಿ."

"ಸತ್ತಿಲ್ವಲ್ಲ ಇಂಜಿನಿಯರ್ರೇ," ಎಂದಳು ತೋಮಾಸಾ.

"ಅರ್ಧ ಸತ್ತಿದೆಯಲ್ಲ ಮಾಮಿತಾ?" ಬೆಟ್ಟದ ಹೆಂಗಸರನ್ನು ಅವನು ಕರೆಯುವುದು ಹಾಗೆ, 'ಅವ್ವ' ಎಂಬಂತೆ.

"ಅರ್ಧ ಬದುಕಿದೆ."

"ಕಾನೂನಿಗೆ ಅರ್ಧ ಬರಲ್ಲ. ಅದಕ್ಕೆ ಬರೋದು ಸೊನ್ನೆ, ಇಲ್ಲ ಒಂದು. ಸೊನ್ನೆ ಅಂದ್ರೆ ನಲ್ಲಿ. ಒಂದು ಅಂದ್ರೆ ಇದೇ ಹಗ್ಗ, ಇದೇ ಬಕೆಟ್ಟು, ಸಾಯೋತನಕ."

ಕ್ರಿಸಾಂತಾ ಸುಮ್ಮನಿರುವವಳಲ್ಲ. ಅವಳ ನಾಲಗೆಗೆ ಇಡೀ ಕೇರಿ ಹೆದರುತ್ತಿತ್ತು. "ನಲ್ಲಿ ಅಂದ್ರೆ ಯಾವುದು ಇಂಜಿನಿಯರ್ರೇ? ತಿರುಗಿಸಿದ್ರೆ ನೀರು ಬರುತ್ತಲ್ಲ, ಅದಾ? ಇಲ್ಲ ಎಲೆಕ್ಷನ್ನಿಗೆ ಮುಂಚೆ ಬರುತ್ತಲ್ಲ, ಅದಾ?"

ಎಲ್ಲರೂ ನಕ್ಕರು. ಲೆಸ್ಕಾನೊ ಕೂಡ ನಕ್ಕ. ನಗುತ್ತ ನಗುತ್ತಲೇ ಜನ ಒಪ್ಪಿಕೊಂಡರು. ತೋಮಾಸಾ ಒಪ್ಪಲಿಲ್ಲ. ಬೀಗದ ಕೈ ಅವಳ ಕೊರಳಲ್ಲಿತ್ತು.

ಮರುವಾರ ತೋಟದ ಯಜಮಾನನೇ ಅವಳ ಅಂಗಳಕ್ಕೆ ಬಂದ. ದೋನ್ ಆಗುಸ್ತೊ. ಜೊಂಡಿನ ಚಾಪೆಯ ಗೋಡೆ ಕಟ್ಟಿಕೊಂಡ ಆ ಮನೆಯ ಬಾಗಿಲಿನಲ್ಲಿ ತಲೆ ಬಗ್ಗಿಸಿ ನಿಂತು ಕೇಳಿದ:

"ಹೊಸ ಬಾವಿಗೆ ಜ್ಞಾನಸ್ನಾನ ಆಗ್ಬೇಕು. ಜ್ಞಾನತಂದೆಯಾಗಿ ನಾನು ನಿಲ್ತೀನಿ. ಜ್ಞಾನತಾಯಿಯಾಗಿ ನೀನು ನಿಲ್ತೀಯಾ?"

"ನಾನಾ ಯಜಮಾನ್ರೇ?"

"ಬಾವಿಯ ಬೀಗ ಕಾಯೋಳು ನೀನು. ನೀನಲ್ದೆ ಇನ್ಯಾರು? ಯಜಮಾನ್ರು ಗಿಜಮಾನ್ರು ಬಿಡು. ಇವತ್ತಿಂದ ನಾನು ನಿಂಗೆ ಕೊಂಪಾದ್ರೆ. ನೀನು ನಂಗೆ ಕೊಮಾದ್ರೆ."

ಅವನು ಅವಳನ್ನು ಅಪ್ಪಿಕೊಂಡು ಬೆನ್ನು ತಟ್ಟಿದ.

ಮಗುವಿಗಾಗಲಿ, ಮನೆಗಾಗಲಿ, ಹೊಸ ಲಾರಿಗಾಗಲಿ ಜ್ಞಾನಸ್ನಾನ ಮಾಡಿಸುವುದು ಆ ಸೀಮೆಯ ಪದ್ಧತಿ. ಜ್ಞಾನತಂದೆ, ಜ್ಞಾನತಾಯಿಯಾಗಿ ನಿಂತ ಇಬ್ಬರು ಬಾಳುವ ತನಕ ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ. ಬೆಟ್ಟದಲ್ಲಿ ಈ ಸಂಬಂಧಕ್ಕೆ ರಕ್ತಸಂಬಂಧವೂ ಸಮನಲ್ಲ. ಒಡಹುಟ್ಟಿದವನೊಡನೆ ಜಗಳವಾಡಬಹುದು; ಕೊಂಪಾದ್ರೆಯ ಮಾತನ್ನು ತೆಗೆದುಹಾಕುವಂತಿಲ್ಲ. ಅವನೂ ಕೊಮಾದ್ರೆಯ ಕೈ ಬಿಡುವಂತಿಲ್ಲ. ಕರಾವಳಿಯಲ್ಲಿ ಒಂದು ಬಿಯರ್ ಕೊಡಿಸಿದವನೂ ಕೊಂಪಾದ್ರೆಯೇ. ತೋಮಾಸಾಳಿಗೆ ಮೊದಲನೆಯ ಅರ್ಥ ಗೊತ್ತಿತ್ತು. ಎರಡನೆಯದು ಗೊತ್ತಿದ್ದರೂ ಅದು ತನಗೆ ಸಂಬಂಧಿಸಿದ್ದಲ್ಲ ಎಂದುಕೊಂಡಳು. ಅವಳು ಕೆಟ್ಟದ್ದು ಇಲ್ಲಿ.

ಅವನು ಹೋದ ಮೇಲೂ ಅವಳ ಹೆಗಲಿನ ಬಟ್ಟೆಯಲ್ಲಿ ಸೆಂಟಿನ ವಾಸನೆ ಉಳಿದಿತ್ತು. ಮರುದಿನ ಆ ಬಟ್ಟೆಯನ್ನು ಅವಳು ಒಗೆಯಲಿಲ್ಲ. ಮುಂದೆ ಎಲ್ಲವೂ ಮುಗಿದ ಮೇಲೆ ಅವಳನ್ನು ಹೆಚ್ಚು ಸುಟ್ಟ ನೆನಪು ಇದೇ.

ಬಾವಿಯ ಮುಚ್ಚಳ ತೆರೆದವಳು ಅವಳೇ. ಗುಡ್ಡೆಯಿಂದ ಮೊದಲ ಸಲಿಕೆ ಮರಳು ಒಳಗೆ ಹಾಕಿದವಳೂ ಅವಳೇ. ಮರಳು ನೀರಿಗೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಮರಳಿನ ಮೇಲೆ ಮರಳು ಬಿದ್ದ ಸದ್ದು. ಆಮೇಲೆ ಸದ್ದಿರಲಿಲ್ಲ. ಗುಡ್ಡೆಯಲ್ಲಿ ಸ್ವಲ್ಪ ಭಾಗ ಮಾತ್ರ ಸಾಕಾಯಿತು.

"ಕೊಲ್ಲೋಕೆ ಎಷ್ಟು ಬೇಗ ಆಯ್ತು ನೋಡು," ಎಂದಳು ಕ್ರಿಸಾಂತಾ, ಸಲಿಕೆ ಊರಿ ನಿಂತು. ಈ ಸಲ ಯಾರೂ ನಗಲಿಲ್ಲ.

ನೀರಿನ ಕಚೇರಿಯ ಅಧಿಕಾರಿ ಬಂದ. ಬಾವಿಯೊಳಗೆ ಒಂದು ಕಲ್ಲು ಎಸೆದ. ಧಪ್ ಎಂದಿತು.

"ಯಾವಾಗ ಸತ್ತಿತು?"

"ಭೂಕಂಪದಲ್ಲಿ," ಎಂದಳು ತೋಮಾಸಾ.

"ಆಮೇಲೆ ನೀರು ಬಂದಿತ್ತಾ?"

"ಇಲ್ಲ."

"ನಿಂಗೆ ಹೇಗೆ ಗೊತ್ತು?"

"ಒಳಗೆ ಇಳಿದೋಳು ನಾನೇ ಸ್ವಾಮಿ." ಅವಳು ಬೆರಳುಗಳನ್ನು ತೋರಿಸಿದಳು. ಎರಡು ಉಗುರುಗಳು ಮತ್ತೆ ಬೆಳೆದಿರಲಿಲ್ಲ.

ಅವನು ತಲೆಯಾಡಿಸಿದ. ಅವಳು ಹೇಳಿದ ಮೂರು ಮಾತುಗಳಲ್ಲಿ ಕೊನೆಯದೊಂದು ನಿಜ. ಆ ಒಂದು ನಿಜ ಎರಡು ಸುಳ್ಳುಗಳನ್ನು ಹೊತ್ತು ನಿಂತಿತು.

ಬೋರ್ ಲಾರಿ ಬಂತು. ತೋಟದ ಟ್ಯಾಂಕರ್ ಪ್ರತಿ ಬೆಳಿಗ್ಗೆ ಕೇರಿಗೆ ನೀರು ತಂದು ಸುರಿಯತೊಡಗಿತು. ನಲ್ಲಿ ಬರುವ ತನಕ, ಎಂದು ಲೆಸ್ಕಾನೊ ಹೇಳಿದ. ಸಡಿಲ ಮಣ್ಣಿನಲ್ಲಿ ಕೊರೆದ ರಂಧ್ರ ತಾನಾಗಿ ನಿಲ್ಲುವುದಿಲ್ಲ. ಜೇಡಿಮಣ್ಣಿನ ಗಂಜಿ ಕಲಸಿ ತುಂಬುತ್ತಲೇ ಇರಬೇಕು, ಇಲ್ಲವಾದರೆ ಗೋಡೆ ಕುಸಿಯುತ್ತದೆ. ಕೇರಿಯ ಗಂಡಸರು ಗುಂಡಿಗೆ ಇಳಿದು ಸೊಂಟದವರೆಗಿನ ಗಂಜಿಯನ್ನು ತುಳಿದರು. ಅವರ ತೊಡೆಯ ಚರ್ಮ ಒಡೆದು ಸೀಳಿತು. ಕೇಸಿಂಗ್ ಪೈಪಿನ ಸುತ್ತ ತುಂಬುವ ಜಲ್ಲಿಯನ್ನು ಹೆಂಗಸರು ಜರಡಿ ಹಿಡಿದು, ತೊಳೆದು, ಆರಿಸಬೇಕು. ಚೂಪು ಕಲ್ಲು ಕೂಡದು, ಚಪ್ಪಟೆ ಕಲ್ಲು ಕೂಡದು, ಮಣ್ಣು ಅಂಟಿರಕೂಡದು. ಕುಕ್ಕರಗಾಲಲ್ಲಿ ಕುಳಿತ ಅವರಿಗೆ ಸಂಜೆ ಏಳುವಾಗ ಮಂಡಿ ನೆಟ್ಟಗಾಗುತ್ತಿರಲಿಲ್ಲ. ಒಬ್ಬರ ತೋಳನ್ನು ಒಬ್ಬರು ಹಿಡಿದೆಬ್ಬಿಸಿ ಮನೆಗೆ ಹೋಗುತ್ತಿದ್ದರು.

ಲಾರಿಯವರು ಕೊರೆಯುವ ತುದಿಯನ್ನು ಮೇಲೆತ್ತಿ ತೊಳೆಯುವಾಗ ಅದರ ಕಬ್ಬಿಣದ ಹಲ್ಲುಗಳು ಕಂಡವು.

"ನೋಡೇ ಜ್ಞಾನತಾಯಿ," ಎಂದಳು ಕ್ರಿಸಾಂತಾ. "ಹುಟ್ಟೋಕೆ ಮುಂಚೇನೇ ಹಲ್ಲು ಬಂದಿದೆ ನಿನ್ ಮಗೂಗೆ. ಮೊಲೆ ಕೊಡುವಾಗ ಹುಷಾರು."

"ಬಾಯಿ ಮುಚ್ಕೊಂಡು ಜರಡಿ ಹಿಡಿ."

"ನಾನು ಮುಚ್ತೀನಿ ಕಣೆ. ಅದು ಮುಚ್ಬೇಕಲ್ಲ. ನಮ್ಮ ಬಾವಿಗೆ ನೀರು ಅಲ್ಲೇ ಮೇಲೇ ಸಿಕ್ಕಿತ್ತು. ಇವರು ಪೈಪಿಗೆ ಪೈಪು ಸೇರಿಸ್ತಾನೇ ಇದ್ದಾರೆ. ಯಾಕೆ?"

"ನಮ್ಮ ಕೊಂಪಾದ್ರೆಗೆ ಗೊತ್ತಿರುತ್ತೆ."

"ಹೌದಮ್ಮ, ನಿಮ್ಮ ಕೊಂಪಾದ್ರೆಗೆ ಗೊತ್ತಿರುತ್ತೆ. ಅದಕ್ಕೇ ಕೇಳಿದ್ದು."

ಪಂಪು ಹಾಕಿ ನೋಡಿದ ದಿನ ತೊಡೆಯ ಗಾತ್ರದ ನೀರು ಚಿಮ್ಮಿತು. ಹೆಂಗಸರು ಬಿಂದಿಗೆ, ಬಕೆಟ್ಟು ಹಿಡಿದು ಓಡಿದರು. ತೋಟದ ಕಾವಲುಗಾರ ಪಲೋಮಿನೊ ಕೋವಿಯನ್ನು ಅಡ್ಡ ಹಿಡಿದ. "ಇದು ಟೆಸ್ಟಿಂಗ್ ನೀರು. ಮುಟ್ಬೇಡಿ." ಮುಟ್ಟಬಾರದ ನೀರು ಅವರ ಕಣ್ಣೆದುರಿಗೇ ಮರಳಿಗೆ ಹರಿದು ಇಂಗಿತು. ಬರಿಗೈಯಲ್ಲಿ ತಿರುಗುವಾಗ ಯಾರೂ ತೋಮಾಸಾಳ ಮುಖ ನೋಡಲಿಲ್ಲ. ಅವಳ ಬಕೆಟ್ಟೂ ಖಾಲಿಯಾಗಿತ್ತು.

ಪೈಪು ಹೂಳುವ ಕಾಲುವೆ ಅಗೆದರು. ಅದು ನೇರವಾಗಿ ತಂತಿಯ ಕೆಳಗೆ ದಾಟಿ ದ್ರಾಕ್ಷಿಗೆ ಹೋಯಿತು. ಕೇರಿಯ ಕಡೆಗೆ ಒಂದು ಗುದ್ದಲಿ ಏಟೂ ಬೀಳಲಿಲ್ಲ.

"ನಲ್ಲಿ ಎರಡನೇ ಹಂತದಲ್ಲಿ ಮಾಮಿತಾ," ಎಂದ ಲೆಸ್ಕಾನೊ.

"ಎರಡನೇ ಹಂತ ಯಾವಾಗ ಇಂಜಿನಿಯರ್ರೇ?"

"ಮೊದಲನೇದು ಮುಗಿದ ಮೇಲೆ."

ಕೊಂಪಾದ್ರೆಯ ಮನೆಗೆ ಬರಿಗೈಯಲ್ಲಿ ಹೋಗಿ ಏನನ್ನೂ ಕೇಳಬಾರದು. ತೋಮಾಸಾ ಅಡಿಗೆಮನೆಯ ಮೂಲೆಯಲ್ಲಿ ಸೊಪ್ಪು ಹಾಕಿ ಸಾಕಿದ್ದ, ಹಬ್ಬದೂಟದ ಗಿನಿಯಿಲಿಗಳಾದ ಕುಯ್‌ಗಳಲ್ಲಿ ದಪ್ಪನೆಯದನ್ನು ಕೊಯ್ದಳು. ಬಿಸಿನೀರಿನಲ್ಲಿ ಕೂದಲು ತೆಗೆದು, ಕೆಂಪು ಮೆಣಸಿನಕಾಯಿ ಅರೆದು ಹಚ್ಚಿ, ಕಲ್ಲಿನಡಿ ಒತ್ತಿ ಬೇಯಿಸಿದಳು. ಸುತ್ತ ಆಲೂಗಡ್ಡೆ ಇಟ್ಟು, ಒಗೆದ ಬಟ್ಟೆಯಲ್ಲಿ ಗಂಟು ಕಟ್ಟಿದಳು. ತೋಟದ ಗೇಟಿಗೆ ಹೋಗಿ ನಿಂತಳು.

"ದೋನ್ ಆಗುಸ್ತೊ ಅವರನ್ನ ನೋಡ್ಬೇಕಿತ್ತು."

"ಯಾರು ಅಂತ ಹೇಳ್ಲಿ?" ಎಂದ ಪಲೋಮಿನೊ.

"ಅವರ ಕೊಮಾದ್ರೆ ಅನ್ನು."

ಪಲೋಮಿನೊ ಗಟ್ಟಿಯಾಗಿ ನಕ್ಕ. ಒಳಗಿದ್ದ ಇನ್ನೊಬ್ಬನನ್ನು ಕರೆದು ಹೇಳಿದ, ಅವನೂ ನಕ್ಕ. "ಇರಮ್ಮ ಕೊಮಾದ್ರೆ, ಹೇಳಿ ಕಳಿಸ್ತೀನಿ."

ಅವಳು ಬಿಸಿಲಿನಲ್ಲಿ ನಿಂತಳು. ಗೇಟು ಕಾರುಗಳಿಗೆ ತೆರೆಯಿತು, ಲಾರಿಗಳಿಗೆ ತೆರೆಯಿತು. ಒಂದು ಕಾರಿನ ಹಿಂದಿನ ಸೀಟಿನಲ್ಲಿ ದೋನ್ ಆಗುಸ್ತೊನ ತಲೆ ಕಂಡಿತು. ಅವಳು ಗಂಟು ಎತ್ತಿ ತೋರಿಸಿದಳು. ಕಾರು ನಿಲ್ಲಲಿಲ್ಲ. ನೆರಳು ಇನ್ನೊಂದು ಮಗ್ಗುಲಿಗೆ ಹೊರಳಿದಾಗ ಪಲೋಮಿನೊ ಹೇಳಿದ: "ಅವರು ಲಿಮಾಕ್ಕೆ ಹೋದ್ರು. ಅದನ್ನ ಇಲ್ಲೇ ಇಟ್ಟು ಹೋಗು, ತಲುಪಿಸ್ತೀನಿ."

ಅವಳು ಇಟ್ಟು ಹೊರಟಳು. ದಾರಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಕಾವಲುಗಾರರಿಬ್ಬರೂ ಬೆಂಚಿನ ಮೇಲೆ ಗಂಟು ಬಿಚ್ಚಿ ತಿನ್ನುತ್ತಿದ್ದರು. ಅವಳು ನೋಡುತ್ತಿರುವುದನ್ನು ಕಂಡು ಪಲೋಮಿನೊ ಮೂಳೆ ಹಿಡಿದ ಕೈಯನ್ನೇ ಎತ್ತಿದ.

"ಚೆನ್ನಾಗಿದೆ ಕೊಮಾದ್ರೆ! ಉಪ್ಪು ಸ್ವಲ್ಪ ಕಮ್ಮಿ!"

ಅವಳು ಮನೆಗೆ ಬಂದಾಗ ಕ್ರಿಸಾಂತಾ ಬೇಲಿಯ ಆಚೆಯಿಂದ ಕೇಳಿದಳು: "ಏನಂದ್ರು?"

"ತಗೊಂಡ್ರು," ಎಂದಳು ತೋಮಾಸಾ. ಇನ್ನೊಂದು ಸುಳ್ಳು. ಅದು ಯಾರ ಲಾಭಕ್ಕೂ ಹೇಳಿದ್ದಲ್ಲ; ತನ್ನ ಮುಖ ಮುಚ್ಚಿಕೊಳ್ಳುವುದಕ್ಕೆ ಹೇಳಿದ್ದು.

ಜ್ಞಾನಸ್ನಾನದ ದಿನ ಲಿಮಾದಿಂದ ಫೋಟೋದವರೊಡನೆ ಒಬ್ಬ ಹುಡುಗಿ ಬಂದಿದ್ದಳು. ತೋಮಾಸಾ ತನ್ನ ಒಳ್ಳೆಯ ಕಪ್ಪು ಲಂಗ, ಬಿಳಿ ರವಿಕೆ ತೊಟ್ಟು ಹೋಗಿದ್ದಳು. ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಬಟ್ಟೆ ತೆಗೆದಳು. ಮಿಂಚುವ ಟಿಕಳಿ ಹೊಲಿದ ಕೆಂಪು ಲಂಗ, ಜರಿಯ ಟೊಪ್ಪಿ. ಕುಣಿತದ ತಂಡದವರಿಂದ ಬಾಡಿಗೆಗೆ ತಂದದ್ದು.

"ಇದು ನಮ್ಮ ಸೀಮೇದಲ್ಲಮ್ಮ," ಎಂದಳು ತೋಮಾಸಾ. "ಇದು ಕುಸ್ಕೊ ಕಡೇದು."

"ಬೆಟ್ಟದ್ದೇ ತಾನೆ? ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತೆ? ಬೇಗ ಹಾಕ್ಕೊಳ್ಳಿ ಮಾಮಿತಾ."

ಕಾರಿನ ಮರೆಯಲ್ಲಿ ಅವಳು ಬಟ್ಟೆ ಬದಲಿಸಿದಳು. ಲಂಗದಲ್ಲಿ ಯಾರದೋ ಬೆವರಿನ ವಾಸನೆ. ಯಾವ ಉಡುಪಿಗೆ ಜನ ಮೂಗು ಮುಚ್ಚಿಕೊಂಡರೆಂದು ಅವಳು ತನ್ನದನ್ನು ನುಸಿಗೆ ಕೊಟ್ಟಳೋ, ಅದೇ ಉಡುಪಿನ ವೇಷ ತೊಟ್ಟು ಈಗ ಅವರ ಮುಂದೆ ನಿಲ್ಲಬೇಕಾಗಿತ್ತು. ಕೇರಿಯ ಜನ ಹಗ್ಗದ ಆಚೆ ನಿಂತಿದ್ದರು. ಯಾರೋ ಸಿಳ್ಳೆ ಹೊಡೆದರು.

ಪಾದ್ರಿ, ನೀರಿನ ಕಚೇರಿಯ ಅಧಿಕಾರಿ, ಇಂಜಿನಿಯರ್ ಎಲ್ಲರೂ ಶಾಮಿಯಾನದ ಕೆಳಗೆ ಕುರ್ಚಿಗಳಲ್ಲಿದ್ದರು. ಜ್ಞಾನತಾಯಿಗೆ ಕುರ್ಚಿ ಇರಲಿಲ್ಲ. ಪೈಪಿನ ಮೇಲೆ ರಿಬ್ಬನ್ನಿನಲ್ಲಿ ವೈನಿನ ಬಾಟಲಿ ತೂಗುತ್ತಿತ್ತು. ಅದನ್ನು ಒಡೆಯುವುದು ಜ್ಞಾನತಾಯಿಯ ಕೆಲಸ. ಲೆಸ್ಕಾನೊ ಅವಳ ಕೈಗೆ ಪುಟ್ಟ ಸುತ್ತಿಗೆ ಕೊಟ್ಟ. ದೋನ್ ಆಗುಸ್ತೊ ಅವಳ ಪಕ್ಕಕ್ಕೆ ಬಂದು ಕ್ಯಾಮೆರಾದ ಕಡೆ ನೋಡಿದ. ಲೆಸ್ಕಾನೊ ಅವನ ಕಿವಿಯಲ್ಲಿ ಏನೋ ಹೇಳಿದ.

"ಓ, ಕೊಮಾದ್ರೆ!"

ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಅಡಿಗೆ ತಲುಪಿತ್ತಾ ಕೊಂಪಾದ್ರೆ?" ತಲುಪಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ಯಾವ ಅಡಿಗೆ? ನಗು, ನಗು. ಫೋಟೋ."

ಪಾದ್ರಿ ನೀರು ಚಿಮುಕಿಸಿದರು. "ಈ ಬಾವಿಗೆ ಇಡುವ ಹೆಸರು?"

"ಸಾಂತಾ ರುಫೀನಾ, ಫಾದರ್," ಎಂದ ಲೆಸ್ಕಾನೊ.

ತೋಮಾಸಾ ಸುತ್ತಿಗೆ ಎತ್ತಲಿಲ್ಲ.

"ಫಾದರ್, ಬದುಕಿರೋ ಮಗೂ ಹೆಸರನ್ನ ಇನ್ನೊಂದು ಮಗೂಗೆ ಇಡ್ಬಹುದಾ?"

"ಏನಮ್ಮ?"

"ಆ ಹೆಸರಿನ ಬಾವಿ ಅಲ್ಲಿದೆ. ಅದು ಸತ್ತಿರ್ಲಿಲ್ಲ. ಭೂಕಂಪ ಅದನ್ನ ಕೊಲ್ಲಲಿಲ್ಲ. ನಾವು ಅದರ ನೀರು ಕುಡೀತಿದ್ವಿ. ಮರಳು ಹಾಕಿ ಮುಚ್ಚಿದ್ದು ನಾನು. ಇದೇ ಕೈ." ಅವಳು ಯಾರನ್ನೂ ನೋಡುತ್ತಿರಲಿಲ್ಲ; ಬಾಟಲಿಯನ್ನು ನೋಡುತ್ತಿದ್ದಳು. "ಈ ಸ್ವಾಮಿಗಳ ಮುಂದೆ ಸುಳ್ಳು ಹೇಳ್ದೆ. ಈಗ ದೇವರ ಮುಂದೆ ಹೇಳಲ್ಲ. ನಾನು ಜ್ಞಾನತಾಯಿ ಆಗಲ್ಲ."

ಅವಳು ಸುತ್ತಿಗೆಯನ್ನು ನೆಲದ ಮೇಲಿಟ್ಟಳು.

ಎಲ್ಲರೂ ಅಧಿಕಾರಿಯ ಕಡೆ ತಿರುಗಿದರು. ಅವನು ಕುರ್ಚಿಯಿಂದ ಏಳಲಿಲ್ಲ.

"ಅವತ್ತು ಒಂದು ಹೇಳಿದೆ. ಇವತ್ತು ಇನ್ನೊಂದು ಹೇಳ್ತೀಯ. ಎರಡರಲ್ಲಿ ಒಂದು ಸುಳ್ಳು."

"ಅವತ್ತಿಂದು ಸುಳ್ಳು ಸ್ವಾಮಿ."

"ಹಾಗಾದ್ರೆ ನೀನು ಸುಳ್ಳು ಹೇಳೋಳು ಅಂತಾಯ್ತು. ಸುಳ್ಳು ಹೇಳೋಳ ಮಾತನ್ನ ಇವತ್ತು ನಾನು ಯಾಕೆ ನಂಬ್ಲಿ?"

ಅವನ ಲೆಕ್ಕ ಸರಿಯಾಗಿತ್ತು. ಆ ಲೆಕ್ಕದ ಒಳಗೆ ನಿಂತು ಅವಳು ತಲೆ ತಗ್ಗಿಸಿದಳು.

"ನಮ್ಮ ಕೊಮಾದ್ರೆ ಬೆಳಿಗ್ಗೇನೇ ಚಿಚಾ ಹೆಂಡ ಏರಿಸ್ಕೊಂಡಿದ್ದಾಳೆ," ಎಂದು ದೋನ್ ಆಗುಸ್ತೊ ನಕ್ಕ. ಶಾಮಿಯಾನವೆಲ್ಲ ನಕ್ಕಿತು. ಅವನೇ ಬಗ್ಗಿ ಸುತ್ತಿಗೆ ಎತ್ತಿಕೊಂಡು ಬಾಟಲಿಗೆ ಹೊಡೆದ. ವೈನು ಅವಳ ಲಂಗದ ಮೇಲೆ ಚೆಲ್ಲಿತು. ವಾದ್ಯದವರು ಊದಿದರು. ಪಂಪು ಗುಂಯ್ ಎಂದಿತು.

"ಅಯ್ಯೋ ಲಂಗ!" ಎಂದು ಲಿಮಾದ ಹುಡುಗಿ ಕೂಗಿದಳು. "ಅದು ಬಾಡಿಗೇದು!"

ಮನೆಯ ದಾರಿಯಲ್ಲಿ ಕ್ರಿಸಾಂತಾ ಅವಳ ತೋಳು ಹಿಡಿದು ಎಳೆದಳು.

"ನಿನ್ನ ಮಾನ ಉಳಿಸ್ಕೊಳ್ಳೋಕೆ ನಮ್ಮನ್ನೆಲ್ಲ ಸುಳ್ಳರು ಮಾಡಿದೆಯಲ್ಲೇ?"

"ಸುಳ್ಳರಲ್ವಾ?"

"ಹೌದು, ಸುಳ್ಳರೇ. ಆದ್ರೆ ನೀರು ಕುಡೀತಿದ್ದ ಸುಳ್ಳರು. ನಾಳೆ ಟ್ಯಾಂಕರ್ ಬರುತ್ತಾ? ಹೇಳು! ಬರುತ್ತಾ?"

ಟ್ಯಾಂಕರ್ ಬರಲಿಲ್ಲ. ಕೇರಿಯವರು ಹೆದ್ದಾರಿಯ ತನಕ ನಡೆದು ಹೋಗಿ ನೀರು ಕೊಂಡು ತಂದರು. ತೋಮಾಸಾ ಹಾದುಹೋದರೆ ಬಾಗಿಲುಗಳು ಮುಚ್ಚಿದವು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ.

ಅವಳು ಬಾವಿಯ ಮುಚ್ಚಳ ತೆರೆದಳು. ಹಗ್ಗವನ್ನು ಕಂಬಕ್ಕೆ ಕಟ್ಟಿ ಸೊಟ್ಟ ರಿಂಗಿನ ಸಂದಿನಲ್ಲಿ ಮೈ ತೂರಿಸಿ ಇಳಿದಳು. ಬಕೆಟ್ಟು ತುಂಬಿದಳು. ಹಗ್ಗ ಹಿಡಿದು ಏರಿದಳು. ಬಕೆಟ್ಟು ಎಳೆದಳು. ಮರಳು ಚೆಲ್ಲಿದಳು. ಮತ್ತೆ ಇಳಿದಳು. ಇಬ್ಬರು ಮಾಡುವ ಕೆಲಸವನ್ನು ಒಬ್ಬರು ಮಾಡಿದರೆ ಅರ್ಧ ಆಗುವುದಿಲ್ಲ, ಅರ್ಧದ ಅರ್ಧವೂ ಆಗುವುದಿಲ್ಲ. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಅವಳು ಅದಕ್ಕೆ ಬಟ್ಟೆ ಸುತ್ತಿಕೊಂಡಳು. ಬಟ್ಟೆ, ಯಜಮಾನ ಅಪ್ಪಿಕೊಂಡ ದಿನ ತೊಟ್ಟಿದ್ದ ರವಿಕೆಯದು.

ಒಂದು ಬೆಳಿಗ್ಗೆ ಬಕೆಟ್ಟು ತಾನಾಗಿ ಮೇಲೆ ಹೋಯಿತು. ಅವಳು ತಲೆಯೆತ್ತಿ ನೋಡಿದಳು. ಬಾವಿಯ ಬಾಯಿಯಲ್ಲಿ ಕ್ರಿಸಾಂತಾಳ ಮುಖ.

"ಬದುಕಿದ್ದೀಯೇನೇ?"

"ಬಕೆಟ್ ಎಳಿ," ಎಂದಳು ತೋಮಾಸಾ.

ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಹೆಂಗಸರು ಬಂದರು. ಹಳೆಯ ಮರಳೆಲ್ಲ ಮೇಲೆ ಬಂತು. ಬಾವಿಯ ತಳ ಸಿಕ್ಕಿತು. ಮೊದಲ ಸಲ ಎಲ್ಲಿ ತಣ್ಣಗಾಗಿತ್ತೋ ಅಲ್ಲಿ ತೋಮಾಸಾ ಅಂಗೈ ಇಟ್ಟಳು.

ಒಣಗಿತ್ತು. ಇನ್ನೂ ತೋಡಿದಳು. ಮೊಣಕೈಯವರೆಗೆ, ಆಮೇಲೆ ಹೆಗಲಿನವರೆಗೆ ಕೈ ಇಳಿಸಿ ಮರಳು ಹಿಡಿದು ತೆಗೆದಳು. ಅದು ಬೆರಳ ಸಂದಿನಿಂದ ಹಿಟ್ಟಿನಂತೆ ಉದುರಿತು. ಗೋಡೆಗೆ ಕಿವಿ ಕೊಟ್ಟಾಗ ಮಣ್ಣಿನೊಳಗಿಂದ ಹೊಸ ಪಂಪಿನ ಗುಂಯ್ ಸದ್ದು ಕೇಳಿಸಿತು. ಹಗಲೂ ರಾತ್ರಿ ಓಡುತ್ತಿದ್ದ ಪಂಪು. ನೆಲದಡಿಯ ನೀರಿಗೆ ಎರಡು ಬಾವಿ ಎಂಬುದಿಲ್ಲ, ನೀರು ಒಂದೇ.

ಇಂಜಿನಿಯರನ ಸೊನ್ನೆ ಬಂದಿತ್ತು. ಅಂದು ಅವಳು ಅಧಿಕಾರಿಗೆ ಹೇಳಿದ ಸುಳ್ಳು ಇಂದು ನಿಜವಾಗಿತ್ತು.

ಮೇಲಿನಿಂದ ಕ್ರಿಸಾಂತಾ ಕೂಗಿದಳು: "ತಣ್ಣಗಿದೆಯಾ?"

"ಎಳೀರಿ ನನ್ನ."

ಮೇಲೆ ಬಂದವಳ ಕೈಯನ್ನು ಎಲ್ಲರೂ ನೋಡಿದರು. ಕೈಯಲ್ಲಿದ್ದದ್ದು ಒಣ ಮರಳು. ಅವಳು ಗುಡ್ಡೆಯ ಬಳಿಗೆ ಹೋದಳು. ಎರಡು ಸಲ ತೆಗೆದ, ಒಂದು ಸಲ ತುಂಬಿದ ಮರಳು. ಆಮೇಲೆ ಮನೆಯಿಂದ ಬೆನ್ನಿಗೆ ಕಟ್ಟುವ ಹೊದಿಕೆ ತಂದು ಹಾಸಿ, ಸಲಿಕೆಯಿಂದ ಅದಕ್ಕೆ ಮರಳು ಸುರಿದುಕೊಂಡಳು. ಗಂಟು ಬಿಗಿದು, ಮೊಣಕಾಲೂರಿ, ಬೆನ್ನಿಗೆ ಏರಿಸಿಕೊಂಡು ಎದ್ದಳು.

"ಎಲ್ಲಿಗೇ?" ಎಂದಳು ಕ್ರಿಸಾಂತಾ.

"ನಮ್ಮ ಕೊಂಪಾದ್ರೆ ಮನೆಗೆ."

ಕ್ರಿಸಾಂತಾ ತನ್ನ ಹೊದಿಕೆಯನ್ನು ನೆಲಕ್ಕೆ ಹಾಸಿದಳು.

ದ್ರಾಕ್ಷಿ ಕೊಯ್ಲಿನ ಕಾಲ. ತೋಟದ ಗೇಟಿನಿಂದ ಹಣ್ಣಿನ ಲಾರಿಗಳು ಒಂದರ ಹಿಂದೆ ಒಂದು ಹೊರಡುವ ಹೊತ್ತು. ತೋಮಾಸಾ ಗೇಟಿನ ನಡುವೆ, ಚಕ್ರಗಳ ದಾರಿಯಲ್ಲಿ, ಗಂಟು ಬಿಚ್ಚಿ ಸುರಿದಳು. ಅವಳ ಹಿಂದೆ ಕ್ರಿಸಾಂತಾ ಸುರಿದಳು. ಅವಳ ಹಿಂದೆ ಹೆಂಗಸರ ಸಾಲು ಕೇರಿಯ ತನಕ ಬಾಗಿದ ಬೆನ್ನುಗಳಲ್ಲಿ ಬರುತ್ತಿತ್ತು. ನಾಚಿಕೆ ತೋಮಾಸಾಳನ್ನು ಬಿಟ್ಟಿರಲಿಲ್ಲ. ಹೊರೆಯ ಜೊತೆಗೆ ಅದನ್ನೂ ಹೊತ್ತೇ ಅವಳು ಬಂದಿದ್ದಳು.

ಪಲೋಮಿನೊ ಕೋವಿ ಹಿಡಿದು ಓಡಿಬಂದ. "ಏನಮ್ಮ ಇದು? ಏನು ಮಾಡ್ತಿದ್ದೀಯ?"

"ನಮ್ಮ ಕೊಂಪಾದ್ರೆಗೆ ತಂದದ್ದು."

"ಹುಚ್ಚು ಹಿಡಿದಿದೆಯಾ? ಲಾರಿ ಹೋಗ್ಬೇಕು! ತೆಗೀರಿ!"

ಅವಳು ಬಗ್ಗಿ ಒಂದು ಹಿಡಿ ಮರಳು ಎತ್ತಿದಳು. ಅದರಲ್ಲಿ ಬಿಳಿಯ ಹರಳುಗಳಿದ್ದವು. ಪಲೋಮಿನೊನ ಬಾಯಿಯ ಮುಂದೆ ಹಿಡಿದಳು.

"ಅವತ್ತು ಉಪ್ಪು ಕಮ್ಮಿ ಅಂದೆಯಲ್ಲ. ಇವತ್ತು ಸರಿಯಾಗಿದೆಯಾ, ತಿಂದು ನೋಡು."

ಹಿಡಿ ಬಿಚ್ಚಿ, ಹೊದಿಕೆ ಕೊಡವಿ ಹೆಗಲಿಗೆ ಹಾಕಿಕೊಂಡು, ಇನ್ನೊಂದು ಹೊರೆ ತರಲು ತಿರುಗಿದಳು. ಹಿಂದೆ ಲಾರಿಗಳು ಹಾರನ್ ಹೊಡೆಯುತ್ತಿದ್ದವು.